ವಂಶವೃಕ್ಷದಲ್ಲಿ ಬಿಟ್ಟ ಹೆಸರು

(ಹೊರಕೆರೆದೇವರಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಗ್ರಾಮಜೀವನದ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕೇಳಿದಿರಿ. ಕೆರೆ, ಕಣ, ಜಾತ್ರೆ, ಸೋಬಾನೆ ಪದ ಇವುಗಳ ಬಗ್ಗೆ ನನಗಿಂತ ಬಲ್ಲವರು ನಿಮ್ಮ ಮುಂದೆ ಮಾತಾಡಿದ್ದಾರೆ. ನಾನು ಇವತ್ತು ಊರಲ್ಲಿ ಹುಟ್ಟಿಯೂ ಊರಲ್ಲಿ ಉಳಿಯಲಾಗದೆ ಹೋದವರ ಬಗ್ಗೆ ಮಾತಾಡುತ್ತೇನೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು, ಗಂಡಿನ ಮೇಲೆ ಮನಸ್ಸಿಟ್ಟ ಗಂಡು, ಹೆಣ್ಣಿನ ಮೇಲೆ ಮನಸ್ಸಿಟ್ಟ ಹೆಣ್ಣು. ನಮ್ಮ ಎಚ್.ಡಿ.ಪುರದ ಸುತ್ತಿನ ಹಳ್ಳಿಗಳಲ್ಲಿ ಯಾವ ಜಗಲಿಯ ಮೇಲೆ ಕೂತು ಕೇಳಿದರೂ, "ಆ ಮನೇಲೊಬ್ಬ ಇದ್ದ, ಎಲ್ಲಿಗೋ ಹೋದ" ಎನ್ನುವ ಮಾತು ಒಂದಲ್ಲ ಒಂದು ಸಲ ಬಂದೇ ಬರುತ್ತದೆ. ಎಲ್ಲಿಗೆ ಹೋದ, ಯಾಕೆ ಹೋದ ಎಂದು ಮುಂದಕ್ಕೆ ಕೇಳಿದರೆ ಮಾತು ಅಡಿಕೆ ಧಾರಣೆಗೆ ತಿರುಗುತ್ತದೆ.

ನನ್ನ ಸಹಪಾಠಿಯೊಬ್ಬರು ಹೋದದ್ದು ಚಿಕ್ಕಜಾಜೂರು ಜಂಕ್ಷನ್ನಿನಿಂದ. 1980ರ ದಶಕ. ಅಲ್ಲಿ ಹಳಿ ಮೂರು ಕಡೆ ಕವಲೊಡೆಯುವುದು ನಿಮಗೆ ಗೊತ್ತು: ಒಂದು ಬೀರೂರಿನ ಮೇಲೆ ಬೆಂಗಳೂರಿಗೆ, ಒಂದು ದಾವಣಗೆರೆಯ ಮೇಲೆ ಹುಬ್ಬಳ್ಳಿಗೆ, ಒಂದು ಚಿತ್ರದುರ್ಗಕ್ಕೆ. ನಾನು ನೆಂಟರನ್ನು ಹತ್ತಿಸಲು ಹೋಗಿದ್ದೆ. ಅವರು ಕಲ್ಲುಬೆಂಚಿನ ಮೇಲೆ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಸ್ವಲ್ಪ ಜರುಗಿ ಜಾಗ ಮಾಡಿದರು. ನಾನು ಕೂರಲಿಲ್ಲ. ಅವರ ಜೊತೆ ಕೂತದ್ದನ್ನು ಯಾರಾದರೂ ನೋಡಿದರೆ ನನ್ನನ್ನೂ ಅದೇ ಹೆಸರಿನಿಂದ ಕರೆದಾರು ಎಂಬ ಭಯ. ಆ ಹೆಸರು ಯಾವುದೆಂದು ಇಲ್ಲಿ ಹೇಳುವುದಿಲ್ಲ. ಇಲ್ಲಿರುವ ಗಂಡಸರಿಗೆಲ್ಲ ಅದು ಗೊತ್ತು, ನಮ್ಮಲ್ಲಿ ಬಹಳ ಜನ ಅದನ್ನು ಕೂಗಿದವರೇ. ನಾವು ಓದಿದ ಶಾಲೆಯಲ್ಲಿ ಮೇಷ್ಟ್ರೊಬ್ಬರು ನಡಿಗೆ ತಿದ್ದುತ್ತೇನೆಂದು ಅವರನ್ನು ಅಂಗಳದಲ್ಲಿ ಅತ್ತಿಂದಿತ್ತ, ಎದೆ ಸೆಟೆಸಿ, ಹೆಜ್ಜೆ ಊರಿ ನಡೆಯಿಸುತ್ತಿದ್ದರು. ನಾವು ಮೆಟ್ಟಿಲ ಮೇಲೆ ಕೂತು ನಗುತ್ತಿದ್ದೆವು. ಅವರು ಎಂಟನೇ ಇಯತ್ತೆಗೇ ಶಾಲೆ ಬಿಟ್ಟರು.

ಸಹಪಾಠಿಯನ್ನು "ಅವರು" ಎನ್ನುವುದು ನಮ್ಮ ಕಡೆಯ ರೂಢಿಯಲ್ಲ. ಅವನು ಎಂದರೆ ಅವರ ಬಾಳಿಗೆ ಮೋಸ, ಅವಳು ಎಂದರೆ ಆಗಿನ ಚಡ್ಡಿ ಹಾಕಿದ ಹುಡುಗನ ನೆನಪು ಅಡ್ಡ ಬರುತ್ತದೆ. ಕನ್ನಡದ "ಅವರು" ಗಂಡೋ ಹೆಣ್ಣೋ ಎಂದು ವಿಚಾರಿಸುವುದಿಲ್ಲ. ಅದಕ್ಕೇ ಅದನ್ನು ಹಿಡಿದಿದ್ದೇನೆ.

ಊರು ಇಂಥವರಿಗೆ ಬಾಗಿಲನ್ನೇ ತೆರೆಯಲಿಲ್ಲ ಎಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ಒಂದು ಬಾಗಿಲು ತೆರೆದಿತ್ತು, ಅದು ದೇವಿಯ ಬಾಗಿಲು. ಸವದತ್ತಿಯ ಎಲ್ಲಮ್ಮ, ಮುನಿರಾಬಾದಿನ ಹತ್ತಿರದ ಹುಲಿಗೆಮ್ಮ, ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗದ ಉಚ್ಚೆಂಗೆಮ್ಮ. ಹುಡುಗನೊಬ್ಬ ಅಕ್ಕನ ಸೀರೆ ಉಟ್ಟು ನೀರಿಗೆ ಹೋಗತೊಡಗಿದರೆ, ತಲೆಯಲ್ಲಿ ಜಡೆ ಕಟ್ಟಿದರೆ, "ಅಮ್ಮ ಹಿಡಿದಿದ್ದಾಳೆ" ಎಂದು ಮನೆಯವರು ಗುಡಿಗೆ ಕರೆದೊಯ್ದು ದೇವಿಗೆ ಒಪ್ಪಿಸಿದ ಗುರುತಾಗಿ ಮುತ್ತು ಕಟ್ಟಿಸುತ್ತಿದ್ದರು. ಅವತ್ತಿನಿಂದ ಅವರು ಜೋಗಪ್ಪ, ಇಲ್ಲವೇ ಜೋಗತಿ. ಮಂಗಳವಾರ, ಶುಕ್ರವಾರ ಪಡ್ಡಲಗಿ ಹಿಡಿದು ಐದು ಮನೆ ಜೋಗ ಬೇಡಿದರೆ ಹೆಂಗಸರು ಮೊರದಲ್ಲಿ ಅಕ್ಕಿ ತಂದು ಸುರಿದು, ಹಣೆಗೆ ಭಂಡಾರ ಹಚ್ಚಿಸಿಕೊಂಡು, ಕಾಲಿಗೆ ಬೀಳುತ್ತಿದ್ದರು. ಹೊಸ್ತಿಲ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಚೌಡಿಕೆ, ಶ್ರುತಿ ಹಿಡಿದ ಮೇಳಗಳು ಗುಡ್ಡ ಹತ್ತುತ್ತಿದ್ದವು. ಈಗಲೂ ಹತ್ತುತ್ತವೆ.

ಅಂದಿನ ಊರಿಗೆ ಅವರನ್ನು ವಿವರಿಸಿಕೊಳ್ಳಲು ಒಂದು ಮಾತು ಬೇಕಿತ್ತು, ದೇವಿ ಆ ಮಾತನ್ನು ಕೊಟ್ಟಳು. ಆದರೆ ಆ ಬಾಗಿಲಿಂದ ಒಳಗೆ ಬಂದವರಿಗೆ ಊರು ಸಿಕ್ಕಿತೇ ಹೊರತು ಮನೆ ಸಿಗಲಿಲ್ಲ. ಬಿ. ಮಂಜಮ್ಮ ಜೋಗತಿಯವರು ತಮ್ಮ ಬದುಕಿನ ಬಗ್ಗೆ ಹೇಳಿರುವುದನ್ನು ಕೇಳಿ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು ಅವರು. ಹುಲಿಗೆಮ್ಮನ ಹುಲಿಗಿಯಲ್ಲಿ ಉಡದಾರ ಹರಿದು ಲಂಗ, ರವಿಕೆ, ಬಳೆ ತೊಡಿಸಿದ ದಿನ ಅವರ ತಾಯಿ ಮಗ ಸತ್ತನೆಂದು ಅತ್ತರಂತೆ. ದೇವಿ ಮಗಳೆಂದು ಒಪ್ಪಿಕೊಂಡ ಗಳಿಗೆಯಲ್ಲೇ ಹೆತ್ತವಳ ಮಡಿಲು ಬರಿದಾಯಿತು. ಮನೆಯಲ್ಲಿ ಇರಲಾಗದೆ ವಿಷ ಕುಡಿದು, ಬದುಕಿಕೊಂಡು, ಸೀರೆಯುಟ್ಟು ಭಿಕ್ಷೆಗೆ ಇಳಿದರು. ಮೈಮೇಲೆ ದೌರ್ಜನ್ಯವಾಯಿತು. ನಾವೆಲ್ಲ ಮದುವೆ ಬಟ್ಟೆ ಕೊಳ್ಳಲು ಹೋಗುವ ಅದೇ ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಪ್ಪ ಹಾಡುತ್ತಿದ್ದುದನ್ನೂ ಅವನ ಮಗ ತಲೆಯ ಮೇಲೆ ಕೊಡ ನಿಲ್ಲಿಸಿಕೊಂಡು ಕುಣಿಯುತ್ತಿದ್ದುದನ್ನೂ ಅವರು ಕಂಡರು. ಅವರ ಬೆನ್ನುಹತ್ತಿ ಕುಣಿತ ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ಪದ್ಮಶ್ರೀ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥನ "ನಡುವೆ ಸುಳಿವ ಹೆಣ್ಣು". ನಮ್ಮ ಗ್ರಂಥಾಲಯಗಳಲ್ಲಿ ಅದು ಇಲ್ಲದಿದ್ದರೆ ತರಿಸಿ.

ಪದ್ಮಶ್ರೀ ಬಂದಾಗ ನಾವು ಹೆಮ್ಮೆಪಟ್ಟೆವು. ಆ ಬಸ್‌ಸ್ಟ್ಯಾಂಡಿನಲ್ಲಿ ಅಂದು ಅವರ ಪಕ್ಕದಲ್ಲಿ ನಾವು ನಿಂತಿದ್ದರೆ ಚೀಲ ಎಳೆದುಕೊಂಡು ಆಚೆ ಸರಿಯುತ್ತಿದ್ದೆವು.

ಈಗ ಜಗಳದ ಮಾತು. ಇದನ್ನು ಬಿಟ್ಟು ಮಾತಾಡಿದರೆ ಈ ಜನರನ್ನು ಪಟದಲ್ಲಿ ಕೂರಿಸಿ ಹೂವು ಹಾಕಿದಂತಾಗುತ್ತದೆ.

ಜೋಗಪ್ಪಗಳಿಗೂ ಹಿಜ್ರಾಗಳಿಗೂ ನಡುವೆ ಹಳೆಯ ತಕರಾರಿದೆ. ಹಿಜ್ರಾ ಲೋಕಕ್ಕೆ ಅದರದೇ ಕಟ್ಟಳೆ: ಗುರು, ಚೇಲಾ, ಜಮಾತು ಎಂಬ ಪಂಚಾಯಿತಿ, ತಪ್ಪಿದರೆ ದಂಡ. ಬೆಂಗಳೂರಿನಲ್ಲಿ ಅವರ ಮನೆಗಳು ಹಮಾಮುಗಳ, ಅಂದರೆ ಸ್ನಾನಗೃಹಗಳ ಸುತ್ತ ಬೆಳೆದವು. ಊರು ಬಿಟ್ಟು ಬರಿಗೈಲಿ ಬಂದ ಹುಡುಗನಿಗೆ ಗುರು ಅನ್ನ, ಹೆಸರು, ಸಂಸಾರ ಎಲ್ಲ ಕೊಡುತ್ತಾಳೆ. ಆಮೇಲೆ ಅವನ ಗಳಿಕೆಯ ಮೇಲೆ ಅವಳದೇ ಹಕ್ಕು. ಹಳೆಯ ಜೋಗಪ್ಪಗಳು ಇದನ್ನು ಒಪ್ಪುವುದಿಲ್ಲ. ನಾವು ಅಮ್ಮನ ಮಕ್ಕಳು, ಅಂಗಡಿ ಮುಂದೆ ಚಪ್ಪಾಳೆ ತಟ್ಟುವವರಲ್ಲ, ದೇವಿ ಕೊಟ್ಟ ದೇಹಕ್ಕೆ ಕತ್ತರಿ ಹಾಕಿಸುವವರಲ್ಲ ಎನ್ನುತ್ತಾರೆ. ಬೆಂಗಳೂರಿನ "ಅನೇಕ" ಸಂಸ್ಥೆ 2014ರಲ್ಲಿ ಜೋಗಪ್ಪಗಳ ಮೇಲೆ ಪ್ರಕಟಿಸಿದ ಅಧ್ಯಯನದಲ್ಲೂ ಈ ಗೆರೆ ಕಾಣುತ್ತದೆ. ಆದರೆ ಜೋಗದ ಅಕ್ಕಿಯಿಂದ ಇವತ್ತು ಹೊಟ್ಟೆ ತುಂಬುವುದಿಲ್ಲ. ಮೇಳದ ಎಳೆಯರು ಹೆದ್ದಾರಿಗೆ ಹೋಗುತ್ತಾರೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುತ್ತಾರೆ. ಹಿರಿಯ ಜೋಗತಿ ಅವರ ಕೈಗೆ ಚೌಡಿಕೆ ಕೊಡಲು ಹಿಂದೆಗೆಯುತ್ತಾಳೆ. ಟೋಲ್‌ಗೇಟಿನ ಯಾವ ಕಡೆ ಯಾರು ನಿಲ್ಲಬೇಕು, ಯಾವ ಪೇಟೆ ಯಾರ ಹದ್ದು ಎಂಬುದಕ್ಕೆ ಹೊಡೆದಾಟವಾಗುತ್ತದೆ. ಜಾತಿಯೂ ಒಳಗೆ ಇದೆ, ಸೀರೆ ಉಟ್ಟ ತಕ್ಷಣ ಅದು ಮೈಬಿಟ್ಟು ಹೋಗುವುದಿಲ್ಲ.

ದುಡ್ಡು ತಂದ ಜಗಳ ಬೇರೆ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ "ಆವಾಹನ್" ಕಾರ್ಯಕ್ರಮ ಆರು ರಾಜ್ಯಗಳಲ್ಲಿ ಶುರುವಾಯಿತು. ಕರ್ನಾಟಕ ಅದರಲ್ಲೊಂದು. ಎಚ್‌ಐವಿ ತಡೆಯುವುದು ಉದ್ದೇಶ. ಅದುವರೆಗೆ ಯಾರ ಲೆಕ್ಕಕ್ಕೂ ಇಲ್ಲದವರನ್ನು ಹುಡುಕಿ, ಕೂರಿಸಿ, ತರಬೇತಿ ಕೊಟ್ಟು, ಗೌರವಧನ ಕೊಟ್ಟು, ಜಿಲ್ಲಾ ಕೇಂದ್ರಗಳಲ್ಲಿ ಕೋಣೆ ಹಿಡಿದು ಸಂಘ ಕಟ್ಟಿದರು. ಆ ಕೋಣೆ ಎಷ್ಟು ದೊಡ್ಡದೆಂದು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಹಳ್ಳಿಯಿಂದ ಬಂದವರು ಪ್ಯಾಂಟು ಕಳಚಿ ಸೀರೆಯುಟ್ಟು, ಸಂಜೆವರೆಗೆ ಹರಟಿ, ಮತ್ತೆ ಪ್ಯಾಂಟು ಹಾಕಿಕೊಂಡು ಕೊನೆ ಬಸ್ಸಿಗೆ ಮನೆಗೆ ಹೋಗಬಹುದಾದ ಒಂದೇ ಜಾಗ ಅದು. ಅಲ್ಲೇ ಜಗಳವೂ ಹುಟ್ಟಿತು. ಅಧ್ಯಕ್ಷರು ಯಾರು, ಚೆಕ್ಕಿಗೆ ಸಹಿ ಯಾರದು, ಸೀರೆ ಉಟ್ಟವರಿಗೆ ಮಾತ್ರ ಕೆಲಸವೋ, ಹೆಂಡತಿ ಮಕ್ಕಳಿರುವ ಕೋತಿಗೂ ಕೆಲಸವೋ. "ಕೋತಿ" ಎಂಬುದು ಅವರೇ ತಮ್ಮೊಳಗೆ ಬಳಸುವ ಮಾತು, ಹೆಣ್ಣುಮನಸ್ಸಿನ ಗಂಡು ಎಂದು ಅರ್ಥ, ಮರದ ಮೇಲಿನ ಕೋತಿಗೂ ಅದಕ್ಕೂ ಸಂಬಂಧವಿಲ್ಲ. ಯೋಜನೆ ಮುಗಿದ ಕಡೆ ಕೋಣೆಗೆ ಬೀಗ ಬಿತ್ತು. ಜಗಳ ಉಳಿಯಿತು.

ಇದನ್ನು ಕೇಳಿ "ನೋಡಿದಿರಾ, ಅವರವರೇ ಹೊಡೆದಾಡ್ತಾರೆ" ಎನ್ನುವವರಿದ್ದಾರೆ. ನಮ್ಮ ಹಾಲಿನ ಡೇರಿಯ ಚುನಾವಣೆಯಲ್ಲಿ ತಲೆ ಒಡೆದಿದೆ. ತೇರಿನ ದಿನ ಮೊದಲ ಕಾಯಿ ಯಾರು ಒಡೆಯಬೇಕೆಂದು ಅಣ್ಣತಮ್ಮಂದಿರು ಠಾಣೆ ಹತ್ತಿದ್ದಾರೆ. ಅದಕ್ಕಾಗಿ ಹಾಲು ಕರೆಯುವವರಿಗೆ ಊರಲ್ಲಿ ಜಾಗವಿಲ್ಲ ಎಂದು ಯಾರೂ ಹೇಳಲಿಲ್ಲ. ನಾವು ಬೆಳಿಗ್ಗೆ ಜಗಳವಾಡಿ ರಾತ್ರಿ ಅದೇ ಕೇರಿಯಲ್ಲಿ ಮಲಗುತ್ತೇವೆ. ಅವರಿಗೆ ಆ ಅನುಕೂಲವಿಲ್ಲ. ಗುರುವಿನ ಜೊತೆ ಮುರಿದರೆ ಮಲಗಲು ಜಾಗವಿಲ್ಲ. ಸಂಘ ಒಡೆದರೆ ಸೀರೆ ಉಡಲು ಜಾಗವಿಲ್ಲ. ಇರುವುದು ಒಂದೇ ಸೂರು ಎಂದಾಗ ಸಣ್ಣ ಮಾತೂ ಪ್ರಾಣದ ಮಾತಾಗುತ್ತದೆ. ಹಿಂದೆ ಮನೆ, ಊರು ಉಳಿದಿದ್ದರೆ ಈ ಜಗಳಗಳಿಗೆ ಇಷ್ಟು ರಕ್ತ ಬರುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ದೇವಿಯ ಬಾಗಿಲಿಂದಲೂ ಬರಲಾಗದವರಿದ್ದಾರೆ. ಮೈಮೇಲೆ ದೇವಿ ಬಾರದ, ಸೀರೆ ಉಡುವ ಆಸೆಯಿಲ್ಲದ, ಸುಮ್ಮನೆ ಇನ್ನೊಬ್ಬ ಗಂಡಸನ್ನು ಪ್ರೀತಿಸುವ ಗಂಡಸಿಗೆ ಊರು ಕೊಟ್ಟಿರುವುದು ಮದುವೆಯೊಂದನ್ನೇ. ಅದರ ಬೆಲೆಯನ್ನು ತೆರುವವಳು ಏನೂ ಗೊತ್ತಿಲ್ಲದೆ ಬಂದ ಹೆಣ್ಣುಮಗಳು. ಅವಳ ನೋವನ್ನು ಈ ವಿಷಯದಲ್ಲಿ ಮಾತಾಡುವವರು ಬೇಗ ದಾಟಿಬಿಡುತ್ತಾರೆ. ದಾಟಬಾರದು. ಸಂಡೂರಿನ ವಸುಧೇಂದ್ರ 2013ರಲ್ಲಿ "ಮೋಹನಸ್ವಾಮಿ" ಕಥಾಸಂಕಲನ ಪ್ರಕಟಿಸಿದಾಗ, ಕನ್ನಡದ ಮಧ್ಯಮವರ್ಗದ ಮನೆಯೊಳಗಿನ ಇಂಥ ಗಂಡಸಿಗೆ ಮೊದಲ ಸಲ ಮುಖವೂ ಹೆಸರೂ ಬಂದವು.

ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಇನ್ನೂ ಕಷ್ಟ. ಇಬ್ಬರು ಗೆಳತಿಯರು ಒಂದೇ ಚಾಪೆಯಲ್ಲಿ ಮಲಗಿದರೆ ಊರು ಕಣ್ಣೆತ್ತಿಯೂ ನೋಡುವುದಿಲ್ಲ. ಒಬ್ಬಳಿಗೆ ಗಂಡು ನೋಡತೊಡಗಿದ ದಿನ ಎಲ್ಲ ಹೊರಬೀಳುತ್ತದೆ. ಗಂಡುಮಗ ಓಡಿಹೋಗಿ ಬಾಳಬಲ್ಲ, ಹೆಣ್ಣುಮಗಳು ಮನೆ ಬಿಟ್ಟರೆ ಕಾಣೆಯಾದ ಪ್ರಕರಣ ದಾಖಲಾಗಿ ಎರಡು ದಿನದಲ್ಲಿ ಹಿಡಿದು ತರುತ್ತಾರೆ. ಅವಳಿಗೆ ಮುತ್ತು ಕಟ್ಟುವ ಗುಡಿಯಿಲ್ಲ, ಸೇರಿಸಿಕೊಳ್ಳುವ ಜಮಾತಿಲ್ಲ, ಬೈಯಲೂ ಸರಿಯಾದ ಪದವಿಲ್ಲ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಇಂಥ ಪ್ರೀತಿ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಕೊಡಲು ಒಪ್ಪಲಿಲ್ಲ. ಈ ಎರಡು ತಾರೀಖುಗಳ ನಡುವೆ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಸಿಕ್ಕಿಕೊಂಡಿದ್ದಾರೆ.

ಕಾನೂನಿನ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಆಡಬೇಕು. ನಮ್ಮದೇ ರಾಜ್ಯ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿತು. ಹಿಜ್ರಾಗಳ ಹೆಸರು, ವಾಸಸ್ಥಳಗಳ ಪಟ್ಟಿ ಇಟ್ಟುಕೊಂಡು ಅವರ ಮೇಲೆ ಕಣ್ಣಿಡಲು ಪೊಲೀಸರಿಗೆ ಅಧಿಕಾರ ಕೊಟ್ಟ ಕಲಂ ಅದು. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಇಂಥದೇ ಪಟ್ಟಿ ಮಾಡಿಸಿದ್ದರು. ಸಮುದಾಯದವರು ಹೈಕೋರ್ಟಿಗೆ ಹೋಗಿ ಹೋರಾಡಿದರು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನಲ್ಲಿ ಅವರನ್ನು ತೃತೀಯ ಲಿಂಗಿಗಳೆಂದು ಮನ್ನಿಸಿತು. ರಾಜ್ಯ ಸರ್ಕಾರ "ಮೈತ್ರಿ" ಮಾಸಾಶನ ತಂದಿತು, 500 ರೂಪಾಯಿಯಿಂದ ಶುರು. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇಕಡ 1 ಮೀಸಲಾತಿ ಕೊಟ್ಟಿತು, ಅದೂ ದೇಶದಲ್ಲೇ ಮೊದಲು. ಸಂತೋಷ. ಆದರೆ ನೌಕರಿಗೆ ಅರ್ಜಿ ಹಾಕಲು ಅಂಕಪಟ್ಟಿ ಬೇಕು. ಎಂಟನೇ ಇಯತ್ತೆಗೆ ಅಂಗಳದ ನಡಿಗೆಗೆ ಹೆದರಿ ಶಾಲೆ ಬಿಟ್ಟವರಿಗೆ ಆ ಶೇಕಡ 1ರಲ್ಲಿ ಪಾಲು ಎಲ್ಲಿಂದ ಬರಬೇಕು? 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ "ಇತರೆ" ಎಂದು ಬರೆಸಿದವರು 20,266. ಮನೆಯ ಯಜಮಾನ ಹೇಳಿದ್ದನ್ನು ಗಣತಿದಾರ ಬರೆದುಕೊಳ್ಳುತ್ತಾನೆ. "ಎಲ್ಲಿಗೋ ಹೋದ" ಮಗನನ್ನು ಯಾವ ಯಜಮಾನ ಹಾಗೆ ಬರೆಸಿಯಾನು?

ಸಂಸತ್ತು 2019ರಲ್ಲಿ ತೃತೀಯ ಲಿಂಗಿಗಳಿಗಾಗಿ ಮಾಡಿದ ಕಾಯ್ದೆಯನ್ನು ಸಮುದಾಯದ ಬಹಳ ಜನ ಟೀಕಿಸಿದರು. ಅವರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನಿಗೂ ಹೆಚ್ಚೆಂದರೆ 2 ವರ್ಷ ಶಿಕ್ಷೆ ಎನ್ನುವ ಕಾಯ್ದೆ ಅದು. ಆ ಸಿಟ್ಟು ನ್ಯಾಯವಾದದ್ದೇ. ಆದರೂ ಅದರ 18ನೇ ಕಲಮಿನ ಒಂದು ಸಾಲನ್ನು ಈ ಊರಿನ ಪಂಚಾಯಿತಿ ಗೋಡೆಯ ಮೇಲೆ ಬರೆಸಬೇಕೆಂದು ನಾನು ಕೇಳುತ್ತೇನೆ. ಇಂಥವರನ್ನು ಮನೆಯಿಂದಾಗಲಿ, ಹಳ್ಳಿಯಿಂದಾಗಲಿ ಹೊರಹಾಕಿದವರಿಗೆ, ಹೊರಹೋಗುವಂತೆ ಮಾಡಿದವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು ಎನ್ನುತ್ತದೆ ಅದು. ದಿಲ್ಲಿಯಲ್ಲಿ ಕೂತು ಕಾಯ್ದೆ ಬರೆದವರಿಗೂ "ಹಳ್ಳಿ" ಎಂಬ ಮಾತು ಹಾಕಬೇಕೆಂದು ಹೊಳೆಯಿತು. ನಮ್ಮ ಗ್ರಾಮಸಭೆಗಳಲ್ಲಿ ಇದುವರೆಗೆ ಆ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಚಿಕ್ಕಜಾಜೂರಿನ ಬೆಂಚಿಗೆ ಮರಳುತ್ತೇನೆ. ನನ್ನ ಸಹಪಾಠಿ ಅವತ್ತು ಹತ್ತಿದ್ದು ಯಾವ ಗಾಡಿ ಎಂದು ನನಗೆ ತಿಳಿದದ್ದು ಮೂವತ್ತು ವರ್ಷಕ್ಕೂ ಮೇಲಾದ ಮೇಲೆ. ಅವರ ತಾಯಿ ತೀರಿಕೊಂಡ ಸುದ್ದಿ ಹೇಗೋ ತಲುಪಿ ಊರಿಗೆ ಬಂದರು. ಯಾವ ಊರು ಎಂದು ಹೇಳುವುದಿಲ್ಲ. ಹೆಣ ಮಣ್ಣಾಗಿತ್ತು. ಕೂದಲು ಹಣ್ಣಾದ, ಹಸಿರು ಬಳೆ ತೊಟ್ಟ ಹೆಂಗಸೊಬ್ಬರು ಮನೆಯ ಮುಂದೆ ನಿಂತು ಬಾಯಿ ಬಡಿದುಕೊಂಡು ಅತ್ತಾಗ, ಯಾರಿದು ಎಂದು ಸೊಸೆಯಂದಿರು ಮುಖ ಮುಖ ನೋಡಿಕೊಂಡರಂತೆ. ಚಿಕ್ಕಮ್ಮ ಗುರುತು ಹಿಡಿದರು. ಕೈ ಹಿಡಿದು ಒಳಗೆ ಕರೆದು ನೀರು ಕೊಟ್ಟರು.

ತಿಥಿ ಮುಗಿದ ಮೇಲೆ ಜಗಳ ಶುರುವಾಯಿತು. ಅಪ್ಪನ ಹೆಸರಿನ ಹೊಲ, ಒಂದಿಷ್ಟು ತೆಂಗು. ಪೌತಿ ಖಾತೆಗೆ ಅಣ್ಣತಮ್ಮಂದಿರು ಅರ್ಜಿ ಹಾಕಿದ್ದರು. ಜೊತೆಗಿಟ್ಟ ವಂಶವೃಕ್ಷದಲ್ಲಿ ಮೂರೇ ಕವಲು. ಗುಡಿಯ ಜಗಲಿಯಲ್ಲಿ ನ್ಯಾಯ ಸೇರಿತು. ಹಿರಿಯರೊಬ್ಬರು, ಕೆಟ್ಟವರಲ್ಲ, ನಿಜಕ್ಕೂ ಗೊಂದಲಕ್ಕೆ ಬಿದ್ದವರು, ಹೀಗೆ ಕೇಳಿದರು: "ಅವ್ನು ಮಗನೋ ಮಗಳೋ ಮೊದ್ಲು ಇತ್ಯರ್ಥ ಆಗ್ಲಿ, ಆಮೇಲೆ ಪಾಲಿನ ಮಾತು."

ನಾನೂ ಅಲ್ಲಿದ್ದೆ. ಇತ್ಯರ್ಥ ಆಗಬೇಕಾದ್ದು ಏನೂ ಇರಲಿಲ್ಲ. ಮಗನಾದರೂ ಪಾಲು, ಮಗಳಾದರೂ ಪಾಲು. ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. 2005ರಲ್ಲಿ ಇಡೀ ದೇಶದಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಬಂತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉಳಿದ ಸಂದೇಹವನ್ನೂ ತೆಗೆದುಹಾಕಿತು. ಹೆಣ್ಣುಮಕ್ಕಳು ಹೋರಾಡಿ ಪಡೆದ ಆ ಹಕ್ಕಿನ ನೆರಳು ಇವರ ಮೇಲೂ ಬಿದ್ದಿದೆ. ಹುಟ್ಟಿದ್ದು ನಿಜವೇ, ಅಷ್ಟು ಸಾಕು. ಈ ಸಲ ನಾನು ಎದ್ದುನಿಂತು ಇಷ್ಟನ್ನು ಹೇಳಿದೆ. ಅವರ ಅಣ್ಣ ನನ್ನನ್ನು ನೋಡಿ, "ಮೇಷ್ಟ್ರೇ, ನಿಮ್ ಮನೇಲಿ ಹಿಂಗಾಗಿದ್ರೆ?" ಎಂದ. ನನ್ನಲ್ಲಿ ಉತ್ತರವಿತ್ತು, ಆದರೆ ಅವನ ಪ್ರಶ್ನೆಯಲ್ಲಿ ದ್ವೇಷಕ್ಕಿಂತ ನಾಚಿಕೆ ಹೆಚ್ಚಿತ್ತು. ತಮ್ಮ ಶಾಲೆ ಬಿಟ್ಟಾಗ, ಊರು ಬಿಟ್ಟಾಗ, ಆ ಹೆಸರನ್ನು ಕೂಗಿಸಿಕೊಂಡವರಲ್ಲಿ ಅವನೂ ಒಬ್ಬ. ಅದರಿಂದಾಗಿ ಅವನ ಮದುವೆಯ ಮಾತು ಎರಡು ಸಲ ಮುರಿದಿತ್ತು.

ಬಾಡಿಗೆಗೆ ಯಾರೂ ಮನೆ ಕೊಡದೆ ಚಿಕ್ಕಮ್ಮನ ಪಡಸಾಲೆಯಲ್ಲೇ ನನ್ನ ಸಹಪಾಠಿ ಈಗ ಇದ್ದಾರೆ. ಸುದ್ದಿ ಹಬ್ಬಿ, ಮಂಗಳವಾರ ಹೆಂಗಸರು ಮೊರದಲ್ಲಿ ಅಕ್ಕಿ ಹಿಡಿದು ಬರತೊಡಗಿದ್ದಾರೆ. ಇವರು ಯಾವ ಗುಡಿಯಲ್ಲೂ ಮುತ್ತು ಕಟ್ಟಿಸಿಕೊಂಡವರಲ್ಲ, ಬೆಂಗಳೂರಿನಲ್ಲಿ ಅಡುಗೆ ಕೆಲಸ ಮಾಡಿ ಬದುಕಿದವರು. "ನನ್ ಮೈಮೇಲೆ ಯಾರೂ ಬರಲ್ಲ ಕಣ್ರವ್ವ, ನಾನು ಈ ಮನೆ ಮಗಳು ಅಷ್ಟೇ" ಎನ್ನುತ್ತಾರೆ. ಹೆಂಗಸರು ನಂಬುವುದಿಲ್ಲ, ಅಕ್ಕಿ ಇಟ್ಟು ಹೋಗುತ್ತಾರೆ. ಅವರು ಅದನ್ನು ಅಂಗನವಾಡಿಗೆ ಕಳಿಸುತ್ತಾರೆ.

ಮೊನ್ನೆ ವಂಶವೃಕ್ಷದ ಜೆರಾಕ್ಸ್ ತಂದು ನನ್ನ ಮುಂದೆ ಹರಡಿದರು. ಮೂರು ಕವಲುಗಳ ಪಕ್ಕ ನಾಲ್ಕನೆಯದನ್ನು ತಾವೇ ಪೆನ್ಸಿಲ್ಲಿನಲ್ಲಿ ಎಳೆದಿದ್ದರು. ಗೆರೆಯ ತುದಿ ಖಾಲಿ. ಯಾವ ಹೆಸರು ಬರೆಯಲಿ, ಶಾಲೆಯ ದಾಖಲಾತಿಯಲ್ಲಿರುವುದೋ, ತಾನು ಇಟ್ಟುಕೊಂಡದ್ದೋ ಎಂದು ಕೇಳಿದರು. ಪಹಣಿಗಳಲ್ಲಿ ನಮ್ಮ ಹಿರಿಯರು ಬಳಸುತ್ತಿದ್ದ ಒಂದು ಮಾತಿದೆ, ಉರುಫ್. ಅದನ್ನು ನಡುವೆ ಹಾಕಿ ಎರಡೂ ಹೆಸರನ್ನು ಬರೆದೆ. ತಕರಾರು ಅರ್ಜಿಯನ್ನೂ ನಾನೇ ಬರೆದೆ. ಬರುವ ಸೋಮವಾರ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಬೆಳಿಗ್ಗೆಯ ಬಸ್ಸಿಗೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೋಗುತ್ತೇವೆ.